ಮೂಳೆ, ನೀರು ಮತ್ತು ಒಂದು ಕಿಣ್ವ: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಕ್ಷಾರೀಯ ಫಾಸ್ಫಟೇಸ್‌ನ ಚರಿತ್ರೆ

ದಾವಣಗೆರೆ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದು 1997ರ ಆಗಸ್ಟ್ 15ರಂದು. ಆಗ ಶಿವಮೊಗ್ಗ ಜಿಲ್ಲೆಯಿಂದ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳೂ ಚಿತ್ರದುರ್ಗ ಜಿಲ್ಲೆಯಿಂದ ಜಗಳೂರು ತಾಲ್ಲೂಕೂ ಹೊಸ ಜಿಲ್ಲೆಗೆ ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ 2017ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ಆಡಳಿತದ ದೃಷ್ಟಿಯಿಂದ ಒಂದೇ ಜಿಲ್ಲೆಗೆ ಸೇರಿದ ಈ ನಾಲ್ಕು ತಾಲ್ಲೂಕುಗಳು ನೀರಿನ ದೃಷ್ಟಿಯಿಂದ ಎರಡು ಬೇರೆ ಬೇರೆ ಸೀಮೆಗಳು. ಕೂಡಲಿಯಲ್ಲಿ ಸಂಗಮಿಸಿದ ತುಂಗಭದ್ರೆ ನ್ಯಾಮತಿ–ಹೊನ್ನಾಳಿ ಸೀಮೆಯನ್ನು ಹಾದು ಮುಂದೆ ಸಾಗುತ್ತದೆ. ಚನ್ನಗಿರಿಗೆ ಸೂಳೆಕೆರೆ ಎಂದೂ ಶಾಂತಿಸಾಗರ ಎಂದೂ ಹೆಸರಾದ ಪ್ರಾಚೀನ ಕೆರೆಯಿದೆ, ಭದ್ರಾ ನಾಲೆಯಿದೆ, ಅಡಿಕೆ ತೋಟಗಳಿವೆ. ಜಗಳೂರಿಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಮಳೆ ಕಡಿಮೆ, ಬಂಡೆ ಗಟ್ಟಿ, ಕುಡಿಯುವ ನೀರಿಗೆ ದಶಕಗಳ ಕಾಲ ಕೊಳವೆ ಬಾವಿಯೇ ಮುಖ್ಯ ಆಧಾರ.

ಈ ಭೌಗೋಳಿಕ ವ್ಯತ್ಯಾಸವು ಮನುಷ್ಯರ ರಕ್ತದಲ್ಲಿಯೂ ಮೂಳೆಯಲ್ಲಿಯೂ ತನ್ನ ಗುರುತನ್ನು ಬಿಡಬಲ್ಲದು ಎಂಬುದು ಇಪ್ಪತ್ತನೆಯ ಶತಮಾನದ ಜೀವರಸಾಯನಶಾಸ್ತ್ರ ಮತ್ತು ವೈದ್ಯಶಾಸ್ತ್ರಗಳು ಒಟ್ಟಾಗಿ ಕಂಡುಕೊಂಡ ಸತ್ಯ. ಆ ಗುರುತುಗಳಲ್ಲಿ ಒಂದು ಕ್ಷಾರೀಯ ಫಾಸ್ಫಟೇಸ್ ಎಂಬ ಕಿಣ್ವ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದವರ ಕೈಗೆ ಸಿಗುವ ಚೀಟಿಯಲ್ಲಿ ‘ಎ.ಎಲ್.ಪಿ.’ ಎಂಬ ಮೂರು ಅಕ್ಷರಗಳ ಮುಂದೆ ಒಂದು ಸಂಖ್ಯೆ ಇರುತ್ತದೆ. ಯಕೃತ್ತಿನ ಪರೀಕ್ಷೆಗಳ ಸಾಲಿನಲ್ಲಿ ಅದನ್ನು ಮುದ್ರಿಸುವುದು ವಾಡಿಕೆಯಾದ್ದರಿಂದ ಅದು ಯಕೃತ್ತಿನದೇ ಮಾತು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಈ ಕಿಣ್ವದ ಚರಿತ್ರೆ ಆರಂಭವಾದದ್ದು ಮೂಳೆಯಿಂದ. ಆ ಸಂಖ್ಯೆಯನ್ನು ಸರಿಯಾಗಿ ಓದಬೇಕಾದರೆ ರೋಗಿಯ ವಯಸ್ಸನ್ನು ಮಾತ್ರವಲ್ಲ, ಅವನು ಕುಡಿಯುವ ನೀರನ್ನೂ ತಿಳಿದಿರಬೇಕಾಗುತ್ತದೆ. ಈ ಅರಿವು ರೂಪುಗೊಂಡ ಬಗೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಿಣ್ವದ ಶೋಧ

‘ಕಿಣ್ವ’ ಎಂಬ ಪದ ಸಂಸ್ಕೃತದಲ್ಲಿ ಹುದುಗು ಬರಿಸುವ ದ್ರವ್ಯಕ್ಕೆ ಇದ್ದ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯ ತಯಾರಿಕೆಯ ಸಂದರ್ಭದಲ್ಲಿ ಈ ಪದ ಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಎಂಟನೆಯ ದಶಕದಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಕ್ಯೂನೆ ‘ಎಂಜೈಮ್’ ಎಂಬ ಪದವನ್ನು ಟಂಕಿಸಿದಾಗ ಅದಕ್ಕೆ ಮೂಲವಾದ ಗ್ರೀಕ್ ಮಾತಿನ ಅರ್ಥವೂ ‘ಹುದುಗಿನೊಳಗೆ’ ಎಂದೇ. ಕನ್ನಡ ವಿಜ್ಞಾನ ಸಾಹಿತ್ಯವು ಹಳೆಯ ಪದವೊಂದಕ್ಕೆ ಹೊಸ ಅರ್ಥ ಕೊಟ್ಟು ಉಳಿಸಿಕೊಂಡಿರುವುದು ಔಚಿತ್ಯಪೂರ್ಣವಾಗಿದೆ. ತಾನು ಬದಲಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ಪ್ರೋಟೀನುಗಳೇ ಕಿಣ್ವಗಳು.

ಸಾವಯವ ಅಣುಗಳಿಗೆ ಅಂಟಿಕೊಂಡಿರುವ ಫಾಸ್ಫೇಟನ್ನು ಬಿಡಿಸುವ ಕಿಣ್ವಗಳ ಸುಳಿವು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ದೊರೆತಿತ್ತು. 1907ರಲ್ಲಿ ಜಪಾನಿನ ಸುಜುಕಿ ಮತ್ತು ಸಂಗಡಿಗರು ಅಕ್ಕಿಯ ತೌಡಿನಲ್ಲಿ ಇಂಥದೊಂದು ಕಿಣ್ವವಿರುವುದನ್ನು ತೋರಿಸಿದರು. ಆದರೆ ಮೂಳೆಗೂ ಫಾಸ್ಫಟೇಸಿಗೂ ಇರುವ ನಂಟನ್ನು ಹೊರಗೆಡಹಿದವರು ಲಂಡನ್ನಿನ ಲಿಸ್ಟರ್ ಸಂಸ್ಥೆಯ ರಾಬರ್ಟ್ ರಾಬಿಸನ್. ಅವರು ಅಧ್ಯಯನ ಮಾಡುತ್ತಿದ್ದುದು ಮೂಳೆಯನ್ನಲ್ಲ, ಯೀಸ್ಟು ಸಕ್ಕರೆಯನ್ನು ಹುದುಗಿಸುವಾಗ ಹುಟ್ಟುವ ಫಾಸ್ಫೇಟುಯುಕ್ತ ಸಕ್ಕರೆಗಳನ್ನು. ಈ ಸಂಯುಕ್ತಗಳ ಕ್ಯಾಲ್ಸಿಯಂ ಲವಣ ನೀರಿನಲ್ಲಿ ಕರಗುತ್ತದೆ. ಆದರೆ ಅದರಿಂದ ಫಾಸ್ಫೇಟು ಬಿಡುಗಡೆಯಾದರೆ ಕರಗದ ಕ್ಯಾಲ್ಸಿಯಂ ಫಾಸ್ಫೇಟ್ ಗಷ್ಟಾಗಿ ಕೆಳಗಿಳಿಯುತ್ತದೆ. ಮೂಳೆಯ ಗಟ್ಟಿತನಕ್ಕೆ ಕಾರಣವಾದ ವಸ್ತುವೂ ಇದೇ ಜಾತಿಯ ಲವಣ ಎಂಬುದನ್ನು ರಾಬಿಸನ್ ಗಮನಿಸಿದರು. ಬೆಳೆಯುತ್ತಿರುವ ಪ್ರಾಣಿಗಳ ಮೂಳೆಯಲ್ಲಿ ಇಂಥ ಬಿಡುಗಡೆ ಮಾಡುವ ಕಿಣ್ವ ಹೇರಳವಾಗಿದೆ ಎಂಬುದನ್ನು 1923ರಲ್ಲಿ ಪ್ರಕಟಿಸಿದರು. ರಿಕೆಟ್ಸ್ ಪೀಡಿತ ಇಲಿಗಳ ಮೂಳೆಯನ್ನು ಇಂಥ ದ್ರಾವಣದಲ್ಲಿ ಇರಿಸಿದಾಗ, ಬರಿದಾಗಿದ್ದ ಬೆಳವಣಿಗೆಯ ಪಟ್ಟಿಯಲ್ಲಿ ಹೊಸದಾಗಿ ಸುಣ್ಣದ ಲವಣ ಕೂಡಿಕೊಂಡಿತು. ಸತ್ತ ಪ್ರಾಣಿಯ ಮೂಳೆಯೂ ಕಿಣ್ವ ಉಳಿದಿರುವ ತನಕ ಕಟ್ಟುವ ಕೆಲಸವನ್ನು ಮುಂದುವರಿಸಬಲ್ಲದು ಎಂಬುದು ಆ ಕಾಲಕ್ಕೆ ವಿಸ್ಮಯಕರವಾದ ಸಂಗತಿಯಾಗಿತ್ತು.

ರಾಬಿಸನ್ನರ ಶೋಧ ಕೆಲವೇ ವರ್ಷಗಳಲ್ಲಿ ರೋಗಿಯ ಹಾಸಿಗೆಯ ಬಳಿಗೆ ಬಂದಿತು. ಮೂಳೆಯ ಹಲವು ರೋಗಗಳಲ್ಲಿ ರಕ್ತದ್ರವದ ಫಾಸ್ಫಟೇಸ್ ಏರಿರುತ್ತದೆ ಎಂಬುದನ್ನು ಎಚ್. ಡಿ. ಕೇ 1930ರ ಸುಮಾರಿನಲ್ಲಿ ವಿವರವಾಗಿ ನಿರೂಪಿಸಿದರು. ಅದೇ ಸುಮಾರಿಗೆ ಡಬ್ಲ್ಯೂ. ಎಂ. ರಾಬರ್ಟ್ಸ್ ಪಿತ್ತನಾಳ ಕಟ್ಟಿಕೊಂಡು ಬರುವ ಕಾಮಾಲೆಯಲ್ಲಿಯೂ ಇದು ಏರುತ್ತದೆ ಎಂಬುದನ್ನು ತೋರಿಸಿದರು. 1934ರಲ್ಲಿ ಕಿಂಗ್ ಮತ್ತು ಆರ್ಮ್‌ಸ್ಟ್ರಾಂಗ್ ಸುಲಭವಾದ ಅಳತೆಯ ವಿಧಾನವೊಂದನ್ನು ರೂಪಿಸಿದರು. 1946ರಲ್ಲಿ ಬೆಸ್ಸಿ, ಲೌರಿ ಮತ್ತು ಬ್ರಾಕ್ ಬಣ್ಣವಿಲ್ಲದ ನೈಟ್ರೋಫಿನೈಲ್ ಫಾಸ್ಫೇಟನ್ನು ಕಿಣ್ವ ಸೀಳಿದಾಗ ಹಳದಿ ಬಣ್ಣ ಮೂಡುವುದನ್ನು ಬಳಸಿಕೊಂಡು ಹೊಸ ವಿಧಾನ ಕೊಟ್ಟರು. ಇಂದಿಗೂ ಪ್ರಯೋಗಾಲಯಗಳ ಯಂತ್ರಗಳು ಅಳೆಯುವುದು ಬಹುಮಟ್ಟಿಗೆ ಈ ಹಳದಿಯನ್ನೇ. ಬಣ್ಣ ಎಷ್ಟು ಬೇಗ ಏರುತ್ತದೆಯೋ ಕಿಣ್ವ ಅಷ್ಟು ಹೆಚ್ಚು.

ಕಿಣ್ವ ಕೆಲಸ ಮಾಡುವ ಬಗೆ

ಫಾಸ್ಫೇಟು ಜೀವಕೋಶದ ನಾಣ್ಯವಿದ್ದಂತೆ. ಶಕ್ತಿಯ ವಿನಿಮಯ, ವಂಶವಾಹಿಯ ಎಳೆ, ಕೋಶದ ಹೊದಿಕೆ, ಮೂಳೆಯ ಗಟ್ಟಿತನ ಎಲ್ಲದರಲ್ಲಿಯೂ ಅದು ಇದೆ. ಸಾವಯವ ಅಣುವಿಗೆ ಅದನ್ನು ಕಟ್ಟಿಹಾಕಿರುವ ಬಂಧ ಅಸಾಧಾರಣವಾಗಿ ಭದ್ರವಾದದ್ದು. ಯಾವ ಕಿಣ್ವದ ನೆರವೂ ಇಲ್ಲದೆ, ಸಾಮಾನ್ಯ ಉಷ್ಣತೆಯ ನೀರಿನಲ್ಲಿ, ಇಂಥ ಬಂಧಗಳಲ್ಲಿ ಅರ್ಧದಷ್ಟು ತಾವಾಗಿ ಬಿಡಲು ಸುಮಾರು ಒಂದು ಲಕ್ಷ ಕೋಟಿ ವರ್ಷಗಳು ಬೇಕಾಗುತ್ತವೆ ಎಂದು 2003ರಲ್ಲಿ ವೂಲ್ಫೆಂಡೆನ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ. ವಿಶ್ವದ ವಯಸ್ಸು ಇದರ ನೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಬಂಧ ಹೀಗೆ ಭದ್ರವಾಗಿರುವುದರಿಂದಲೇ ಜೀವಿಗಳು ಅದನ್ನು ನಂಬಿ ಬದುಕಿವೆ. ಬೇಕಾದಾಗ ಬಿಡಿಸಲು ಕಿಣ್ವಗಳನ್ನು ಇಟ್ಟುಕೊಂಡಿವೆ.

ಕ್ಷಾರೀಯ ಫಾಸ್ಫಟೇಸಿನ ಅಣು ಒಂದಕ್ಕೊಂದು ಜೋಡಿಕೊಂಡ ಎರಡು ಉಪಘಟಕಗಳಿಂದ ಆದದ್ದು. ಪ್ರತಿಯೊಂದರ ಕ್ರಿಯಾಕೇಂದ್ರದಲ್ಲಿ ಎರಡು ಸತುವಿನ ಅಯಾನುಗಳೂ ಒಂದು ಮೆಗ್ನೀಸಿಯಮ್ ಅಯಾನೂ ಇರುತ್ತವೆ. ಕರುಳಿನ ಬ್ಯಾಕ್ಟೀರಿಯಾವಾದ ಇ. ಕೋಲಿಯ ಕಿಣ್ವದ ರಚನೆಯನ್ನು ಕಿಮ್ ಮತ್ತು ವೈಕಾಫ್ 1991ರಲ್ಲಿ ಸೂಕ್ಷ್ಮವಾಗಿ ಬಿಡಿಸಿ ತೋರಿಸಿದ ಮೇಲೆ ಅದರ ಕೆಲಸದ ಕ್ರಮ ಸ್ಪಷ್ಟವಾಯಿತು. ಸತುವಿನ ಅಯಾನುಗಳು ಫಾಸ್ಫೇಟನ್ನು ಹಿಡಿದು ನಿಲ್ಲಿಸುತ್ತವೆ. ಕಿಣ್ವದ ಸರಪಳಿಯಲ್ಲಿರುವ ಸೆರೀನ್ ಎಂಬ ಅಮೈನೋ ಆಮ್ಲ ಫಾಸ್ಫೇಟನ್ನು ತನ್ನ ಕಡೆಗೆ ಸೆಳೆದುಕೊಂಡು ತಾತ್ಕಾಲಿಕವಾಗಿ ಬಂಧಿಸುತ್ತದೆ. ಉಳಿದ ಅಣು ಬೇರ್ಪಟ್ಟು ಹೊರಟುಹೋಗುತ್ತದೆ. ಬಳಿಕ ಸತು ಸಿದ್ಧಪಡಿಸಿದ ನೀರಿನ ಅಣು ಬಂದು ಸೆರೀನಿನಿಂದ ಫಾಸ್ಫೇಟನ್ನು ಬಿಡಿಸುತ್ತದೆ. ಕಿಣ್ವ ಮತ್ತೆ ಮೊದಲಿನ ಸ್ಥಿತಿಗೆ ಬಂದು ಮುಂದಿನ ಅಣುವಿಗೆ ಸಿದ್ಧವಾಗುತ್ತದೆ. ಪ್ರಯೋಗಾಲಯದಲ್ಲಿ ಈ ಕ್ರಿಯೆ 9ರಿಂದ 10ರ ಸುಮಾರಿನ ಪಿಎಚ್‌ನಲ್ಲಿ, ಅಂದರೆ ಕ್ಷಾರೀಯ ಪರಿಸರದಲ್ಲಿ, ಅತ್ಯಂತ ಚುರುಕಾಗಿರುವುದರಿಂದ ಕಿಣ್ವಕ್ಕೆ ಈ ಹೆಸರು ಬಂದಿದೆ.

ಲೋಹದ ಅಯಾನುಗಳಿಲ್ಲದೆ ಈ ಕಿಣ್ವ ನಿಷ್ಕ್ರಿಯ ಎಂಬುದಕ್ಕೆ ಪ್ರಯೋಗಾಲಯದ ದಿನನಿತ್ಯದ ಅನುಭವವೇ ಸಾಕ್ಷಿ. ರಕ್ತಕಣಗಳ ಎಣಿಕೆಗಾಗಿ ಬಳಸುವ ಇಡಿಟಿಎ ಎಂಬ ರಾಸಾಯನಿಕ ಲೇಪಿತ ನಳಿಕೆಯಲ್ಲಿ ಸಂಗ್ರಹಿಸಿದ ರಕ್ತವನ್ನು ಈ ಪರೀಕ್ಷೆಗೆ ಬಳಸಿದರೆ ಫಲಿತಾಂಶ ತೀರ ಕೆಳಗೆ ಬೀಳುತ್ತದೆ. ಆ ರಾಸಾಯನಿಕ ಸತು ಮತ್ತು ಮೆಗ್ನೀಸಿಯಮ್‌ಗಳನ್ನು ಕಿಣ್ವದಿಂದ ಕಿತ್ತುಕೊಂಡಿರುತ್ತದೆ. ರಕ್ತ ತೆಗೆಯುವ ನಳಿಕೆಯ ಆಯ್ಕೆಯೂ ರೋಗನಿದಾನದ ಭಾಗವೇ ಆಗಿದೆ.

ದೇಹದಲ್ಲಿ ಅದರ ಪಾತ್ರಗಳು

ಮಾನವನ ದೇಹದಲ್ಲಿ ಈ ಕಿಣ್ವಕ್ಕೆ ನಾಲ್ಕು ವಂಶವಾಹಿಗಳಿವೆ. ಒಂದನೆಯ ವರ್ಣತಂತುವಿನಲ್ಲಿರುವ ವಂಶವಾಹಿ ಮೂಳೆ, ಯಕೃತ್ತು, ಮೂತ್ರಪಿಂಡ ಮುಂತಾದ ಹಲವೆಡೆಗಳ ಕಿಣ್ವಕ್ಕೆ ಮೂಲ. ಉಳಿದ ಮೂರು ಎರಡನೆಯ ವರ್ಣತಂತುವಿನಲ್ಲಿದ್ದು, ಕ್ರಮವಾಗಿ ಕರುಳು, ಗರ್ಭವೇಷ್ಟನ ಮತ್ತು ಜನನಕೋಶಗಳ ಕಿಣ್ವಗಳನ್ನು ರೂಪಿಸುತ್ತವೆ. ಮೂಳೆಯದಕ್ಕೂ ಯಕೃತ್ತಿನದಕ್ಕೂ ವಂಶವಾಹಿ ಒಂದೇ. ಅಂಟಿಕೊಂಡಿರುವ ಸಕ್ಕರೆಯ ಕವಲುಗಳು ಮಾತ್ರ ಬೇರೆ. ರಕ್ತದ ಚೀಟಿಯ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಅದು ಎಲ್ಲಿಂದ ಬಂತೆಂದು ಹೇಳಲಾಗದಿರುವುದಕ್ಕೆ ಇದೇ ಕಾರಣ.

ಮೂಳೆಯಲ್ಲಿ ಈ ಕಿಣ್ವದ ಪಾತ್ರವನ್ನು ಕುರಿತ ರಾಬಿಸನ್ನರ ವಿವರಣೆ ಕಾಲಾನಂತರ ತಿದ್ದುಪಡಿಗೆ ಒಳಗಾಯಿತು. ಫಾಸ್ಫೇಟಿನ ಪ್ರಮಾಣವನ್ನು ಸ್ಥಳೀಯವಾಗಿ ಹೆಚ್ಚಿಸುವುದೇ ಅದರ ಕೆಲಸ ಎಂದು ಅವರು ಭಾವಿಸಿದ್ದರು. ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟು ಸದಾ ಇದ್ದರೂ ಮೂಳೆ ಹಲ್ಲುಗಳನ್ನು ಬಿಟ್ಟು ಬೇರೆಡೆ ದೇಹವೇಕೆ ಕಲ್ಲಾಗುವುದಿಲ್ಲ ಎಂಬ ಪ್ರಶ್ನೆ ಉಳಿದಿತ್ತು. 1960ರ ದಶಕದ ಆರಂಭದಲ್ಲಿ ಸ್ವಿಟ್ಜರ್‌ಲೆಂಡಿನ ಹರ್ಬರ್ಟ್ ಫ್ಲೈಶ್ ಮತ್ತು ಸಂಗಡಿಗರು ಇದಕ್ಕೆ ಉತ್ತರವಿತ್ತರು. ದೇಹದ್ರವಗಳಲ್ಲಿ ಪೈರೋಫಾಸ್ಫೇಟ್ ಎಂಬ ವಸ್ತು ಅತ್ಯಲ್ಪ ಪ್ರಮಾಣದಲ್ಲಿದ್ದು, ಸುಣ್ಣದ ಹರಳು ಬೆಳೆಯದಂತೆ ತಡೆಯುತ್ತದೆ. ಮೂಳೆ ಕಟ್ಟುವ ಕೋಶಗಳ ಮೇಲ್ಮೈಯಲ್ಲಿಯೂ ಅವು ಹೊರಬಿಡುವ ಸೂಕ್ಷ್ಮ ಕೋಶಿಕೆಗಳಲ್ಲಿಯೂ ಇರುವ ಕ್ಷಾರೀಯ ಫಾಸ್ಫಟೇಸ್ ಈ ತಡೆಯನ್ನು ಒಡೆಯುತ್ತದೆ; ಒಡೆದಾಗ ಬಂದ ಫಾಸ್ಫೇಟು ಹರಳಿಗೆ ಸಾಮಗ್ರಿಯೂ ಆಗುತ್ತದೆ. ತೂಬಿನ ಬಾಗಿಲನ್ನು ತೆರೆದು ನೀರನ್ನೂ ಹಾಯಿಸುವ ನೀರಗಂಟಿಯ ಕೆಲಸ ಇದು.

ಈ ಕಿಣ್ವವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಪ್ರಕೃತಿಯೇ ತೋರಿಸಿದೆ. 1948ರಲ್ಲಿ ಕೆನಡಾದ ವೈದ್ಯ ಜೆ. ಸಿ. ರ್‍ಯಾತ್‌ಬನ್, ಮೂಳೆ ಗಟ್ಟಿಯಾಗದೆ ತೀರಿಕೊಂಡ ಎಳೆಗೂಸೊಂದರ ರಕ್ತ ಮತ್ತು ಮೂಳೆಗಳಲ್ಲಿ ಈ ಕಿಣ್ವ ತೀರ ಕಡಿಮೆಯಿದ್ದುದನ್ನು ಕಂಡು ಈ ರೋಗಕ್ಕೆ ಹೈಪೊಫಾಸ್ಫಟೇಸಿಯಾ ಎಂದು ಹೆಸರಿಟ್ಟರು. 1988ರಲ್ಲಿ ಇದಕ್ಕೆ ಕಾರಣವಾದ ವಂಶವಾಹಿಯ ದೋಷ ಪತ್ತೆಯಾಯಿತು. ಕೆಲವು ಶಿಶುಗಳಲ್ಲಿ ಸೆಳವೂ ಕಾಣಿಸಿಕೊಳ್ಳುತ್ತದೆ. ಬಿ6 ಜೀವಸತ್ವವನ್ನು ಮೆದುಳಿನ ಕೋಶದೊಳಗೆ ಸೇರುವ ರೂಪಕ್ಕೆ ತರುವುದೂ ಈ ಕಿಣ್ವದ್ದೇ ಹೊಣೆ. ಕೃತಕವಾಗಿ ತಯಾರಿಸಿದ ಕಿಣ್ವವನ್ನೇ ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆಗೆ 2015ರಲ್ಲಿ ಹಲವು ರಾಷ್ಟ್ರಗಳು ಅನುಮತಿ ನೀಡಿದವು. ರಾಬಿಸನ್ನರ ಊಹೆಯ ತಿರುಳು ಹೀಗೆ ಸುಮಾರು ತೊಂಬತ್ತು ವರ್ಷಗಳ ಅನಂತರ ಮಕ್ಕಳ ಮೂಳೆಯಲ್ಲಿ ರುಜುವಾತಾಯಿತು.

ಯಕೃತ್ತಿನಲ್ಲಿ ಈ ಕಿಣ್ವ ಪಿತ್ತನಾಳಗಳ ಗೋಡೆಗೆ ಅಂಟಿಕೊಂಡಿರುತ್ತದೆ. ಕಲ್ಲಿನಿಂದಲೋ ಗಡ್ಡೆಯಿಂದಲೋ ಪಿತ್ತದ ಹರಿವು ನಿಂತಾಗ ಕೋಶಗಳು ಇದನ್ನು ಹೆಚ್ಚಾಗಿ ತಯಾರಿಸುತ್ತವೆ. ಅದು ರಕ್ತಕ್ಕೆ ಸೋರುತ್ತದೆ. ಕರುಳಿನ ಕಿಣ್ವ ಬ್ಯಾಕ್ಟೀರಿಯಾಗಳ ಹೊದಿಕೆಯ ವಿಷವಸ್ತುವಿನಿಂದ ಫಾಸ್ಫೇಟನ್ನು ಕಳಚಿ ಅದರ ತೀಕ್ಷ್ಣತೆಯನ್ನು ತಗ್ಗಿಸುತ್ತದೆ ಎಂಬುದು ಇತ್ತೀಚಿನ ದಶಕಗಳ ತಿಳಿವಳಿಕೆ. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳು ಗರ್ಭವೇಷ್ಟನದ ಕಿಣ್ವ ರಕ್ತಕ್ಕೆ ಸೇರಿ ಸಂಖ್ಯೆ ಏರುತ್ತದೆ, ಇದು ರೋಗವಲ್ಲ. ಬೆಳೆಯುವ ಮಕ್ಕಳಲ್ಲಿ ವಯಸ್ಕರ ಎರಡು ಮೂರು ಪಟ್ಟು ಇರುವುದೂ ಸಹಜವೇ. ವಯಸ್ಕರಲ್ಲಿ ಲೀಟರಿಗೆ ಸುಮಾರು 40ರಿಂದ 130 ಘಟಕಗಳನ್ನು ಸಾಮಾನ್ಯವೆಂದು ಬಹುತೇಕ ಪ್ರಯೋಗಾಲಯಗಳು ಪರಿಗಣಿಸುತ್ತವೆ. ಹನ್ನೆರಡು ವರ್ಷದ ಹುಡುಗನ ಚೀಟಿಯಲ್ಲಿ 300 ಎಂದಿದ್ದರೆ ಅದು ಅವನು ಎತ್ತರವಾಗುತ್ತಿರುವ ಸೂಚನೆ. ಐವತ್ತರ ರೈತನ ಚೀಟಿಯಲ್ಲಿ ಅದೇ ಸಂಖ್ಯೆ ಇದ್ದರೆ ವಿಚಾರಣೆಗೆ ಅರ್ಹ.

ಹಾಲಿನ ಪರೀಕ್ಷೆ

ಈ ಕಿಣ್ವ ಆಸ್ಪತ್ರೆಗೆ ಎಂದೂ ಹೋಗದವರ ಮನೆಗೂ ನಂಟುಳ್ಳದ್ದು ಎಂಬುದನ್ನು ಇಲ್ಲಿ ಹೇಳಬೇಕು. ಹಸಿ ಹಾಲಿನಲ್ಲಿ ಕ್ಷಾರೀಯ ಫಾಸ್ಫಟೇಸ್ ಸ್ವಾಭಾವಿಕವಾಗಿಯೇ ಇರುತ್ತದೆ. ಮೂಳೆರೋಗಗಳಲ್ಲಿ ಇದನ್ನು ಅಳೆದ ಅದೇ ಕೇ, ಗ್ರಹಾಂ ಎಂಬವರೊಡನೆ ಸೇರಿ, 1930ರ ದಶಕದ ಮಧ್ಯಭಾಗದಲ್ಲಿ ಇದನ್ನು ಹಾಲಿನ ಸುರಕ್ಷತೆಯ ಅಳತೆಗೋಲಾಗಿ ಪರಿವರ್ತಿಸಿದರು. ಕ್ಷಯದ ರೋಗಾಣುವನ್ನು ಕೊಲ್ಲಲು ಬೇಕಾದುದಕ್ಕಿಂತ ಸ್ವಲ್ಪವೇ ಹೆಚ್ಚು ಶಾಖಕ್ಕೆ ಈ ಕಿಣ್ವ ನಾಶವಾಗುತ್ತದೆ. ಆದ್ದರಿಂದ 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದ ಹಾಲಿನಲ್ಲಿ ಕಿಣ್ವ ಉಳಿದಿದ್ದರೆ ಪಾಶ್ಚೀಕರಣ ಸರಿಯಾಗಿಲ್ಲ, ಅಥವಾ ಹಸಿ ಹಾಲು ಬೆರೆತಿದೆ ಎಂದರ್ಥ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಹಳ್ಳಿಗಳ ಸಹಕಾರ ಸಂಘಗಳ ಹಾಲು ದೀರ್ಘಕಾಲ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಒಕ್ಕೂಟದ ಮಾಚೇನಹಳ್ಳಿ ಡೇರಿಯನ್ನು ಆಶ್ರಯಿಸಿದೆ. ಪೊಟ್ಟಣದ ಹಾಲಿನ ಉದ್ಯಮದಲ್ಲೆಲ್ಲ ಈ ಪರೀಕ್ಷೆ ರೂಢಿಯಲ್ಲಿದೆ. ರಕ್ತದಲ್ಲಿ ಕಿಣ್ವ ಹೆಚ್ಚಿರುವುದು ಎಚ್ಚರಿಕೆಯಾದರೆ, ಕಾಯಿಸಿದ ಹಾಲಿನಲ್ಲಿ ಅದು ಉಳಿದಿರುವುದೇ ಎಚ್ಚರಿಕೆ. ಎರಡು ಕಡೆಯೂ ಅದು ರೋಗವಲ್ಲ, ಸಾಕ್ಷಿ.

ಕಲ್ಲಿನಿಂದ ಮೂಳೆಗೆ: ಫ್ಲೋರೈಡ್

ದಕ್ಷಿಣ ಭಾರತದಲ್ಲಿ ಮೂಳೆಗೂ ನೀರಿಗೂ ಇರುವ ನಂಟು ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ. ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಹಲ್ಲು ಕಂದುಗಟ್ಟಿ, ಬೆನ್ನು ಸೆಟೆದು, ಕೀಲುಗಳು ಮಡಚಲಾಗದೆ ನರಳುತ್ತಿದ್ದ ಜನರನ್ನು ಎಚ್. ಇ. ಶಾರ್ಟ್, ಸಿ. ಜಿ. ಪಂಡಿತ್ ಮತ್ತು ಟಿ. ಎನ್. ಎಸ್. ರಾಘವಾಚಾರಿ ಪರೀಕ್ಷಿಸಿ, ಬಾವಿನೀರಿನ ಫ್ಲೋರೈಡೇ ಇದಕ್ಕೆ ಕಾರಣವೆಂದು ವರದಿ ಮಾಡಿದರು. 1955ರಲ್ಲಿ ನಲ್ಗೊಂಡ ಜಿಲ್ಲೆಯ ರೋಗಿಗಳ ವಿವರಗಳನ್ನು ಎ. ಎಚ್. ಸಿದ್ದೀಕಿ ಪ್ರಕಟಿಸಿದರು. ಕರ್ನಾಟಕದ ಒಣಪ್ರದೇಶದ ಹಲವು ಜಿಲ್ಲೆಗಳಲ್ಲಿ ಈ ಸಮಸ್ಯೆ ಬೆಳಕಿಗೆ ಬಂದುದು ಕೊಳವೆ ಬಾವಿಗಳ ವಿಸ್ತರಣೆಯ ಕಾಲದಲ್ಲಿ. ದಾವಣಗೆರೆ ಜಿಲ್ಲೆಯಲ್ಲಿ ಜಗಳೂರು ಇದಕ್ಕೆ ಹೆಸರಾದ ತಾಲ್ಲೂಕು.

ಇದರ ಹಿಂದೆ ಒಂದು ವಿಪರ್ಯಾಸವಿದೆ. 1960ರ ದಶಕದ ಕೊನೆಯ ಬರಗಾಲಗಳ ಅನಂತರ ಗಟ್ಟಿ ಬಂಡೆಯನ್ನು ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು. 1970ರ ದಶಕದ ಕೊನೆಗೆ ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ಬಳಕೆಗೆ ಬಂದು ಹಳ್ಳಿ ಹಳ್ಳಿಗೂ ಹರಡಿತು. ಮೆಟ್ಟಿಲುಬಾವಿಯ ನೀರಿನಿಂದ ಹರಡುತ್ತಿದ್ದ ನಾರುಹುಣ್ಣಿನ ಪಿಡುಗಿನಿಂದ ಭಾರತ ಮುಕ್ತವಾಗಿದೆ ಎಂದು 2000ದಲ್ಲಿ ಘೋಷಿತವಾದುದರಲ್ಲಿ ಈ ಬದಲಾವಣೆಯ ಪಾಲೂ ಇದೆ. ಕಾಲರಾದಂಥ ರೋಗಗಳೂ ಹಿಂದೆ ಸರಿದವು. ಆದರೆ ಕೆರೆ ಮತ್ತು ತೆರೆದ ಬಾವಿಗಳ ಮೇಲುನೀರಿನಲ್ಲಿ ಸಾಮಾನ್ಯವಾಗಿ ಅಷ್ಟಾಗಿ ಇರದ ಫ್ಲೋರೈಡ್, ಆಳದ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರಿನಲ್ಲಿತ್ತು. ಕಣ್ಣಿಗೆ ತಿಳಿಯಾಗಿ, ರೋಗಾಣುಮುಕ್ತವಾಗಿ ಬಂದ ನೀರನ್ನು ಯಾರೂ ಸಂಶಯಿಸಲಿಲ್ಲ.

ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರೈಡನ್ನು ಹಿಡಿದಿಟ್ಟಿರುವ ಖನಿಜಗಳಲ್ಲಿ ಫ್ಲೋರ್‌ಅಪಟೈಟ್ ಒಂದು. ಇದು ಕ್ಯಾಲ್ಸಿಯಂ ಫಾಸ್ಫೇಟಿನ ಹರಳು. ಮನುಷ್ಯನ ಮೂಳೆಯ ಹೈಡ್ರಾಕ್ಸಿಅಪಟೈಟಿಗೆ ಹತ್ತಿರದ ಬಂಧು. ಮಳೆ ಕಡಿಮೆಯಿದ್ದು ಆವಿಯಾಗುವಿಕೆ ಹೆಚ್ಚಿರುವಲ್ಲಿ, ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿ ಕ್ಯಾಲ್ಸಿಯಂ ಕಡಿಮೆಯಾದಲ್ಲಿ, ಶಿಲೆಯ ಫ್ಲೋರೈಡ್ ಸುಲಭವಾಗಿ ನೀರಿಗಿಳಿಯುತ್ತದೆ. ಕುಡಿದ ಬಳಿಕ ಅದು ಮೂಳೆಯ ಹರಳಿನಲ್ಲಿ ಹೈಡ್ರಾಕ್ಸಿಲಿನ ಸ್ಥಾನವನ್ನು ಆಕ್ರಮಿಸುತ್ತದೆ. ಒಂದು ಕಲ್ಲಿನಿಂದ ಹೊರಟದ್ದು ಇನ್ನೊಂದು ಬಗೆಯ ಕಲ್ಲಿನಲ್ಲಿ ಬಂದು ನೆಲೆಸುತ್ತದೆ.

ಇಲ್ಲಿ ಮತ್ತೆ ಕ್ಷಾರೀಯ ಫಾಸ್ಫಟೇಸ್ ಪ್ರವೇಶಿಸುತ್ತದೆ. ಮೂಳೆ ಕಟ್ಟುವ ಕೋಶಗಳನ್ನು ಫ್ಲೋರೈಡ್ ನೇರವಾಗಿ ಪ್ರಚೋದಿಸಿ ಅವುಗಳ ಸಂಖ್ಯೆಯನ್ನೂ ಈ ಕಿಣ್ವದ ಚಟುವಟಿಕೆಯನ್ನೂ ಹೆಚ್ಚಿಸುತ್ತದೆ ಎಂಬುದನ್ನು ಫಾರ್ಲಿ, ವೆರ್ಗೆಡಾಲ್ ಮತ್ತು ಬೇಲಿಂಕ್ 1983ರಲ್ಲಿ ಪ್ರಯೋಗದಿಂದ ತೋರಿಸಿದರು. ಮೂಳೆ ಹೆಚ್ಚು ಕಟ್ಟುತ್ತದೆ, ಆದರೆ ಹದವಾಗಿ ಕಟ್ಟುವುದಿಲ್ಲ. ಕ್ಷಕಿರಣ ಚಿತ್ರದಲ್ಲಿ ಬೆನ್ನೆಲುಬು ಸೀಮೆಸುಣ್ಣದಂತೆ ಬೆಳ್ಳಗೆ ಕಾಣುತ್ತದೆ. ಸ್ನಾಯುರಜ್ಜುಗಳಲ್ಲಿಯೂ ಸುಣ್ಣ ಕೂಡುತ್ತದೆ. ಗಟ್ಟಿಯಾಗಿ ತೋರುವ ಮೂಳೆ ಒಳಗೆ ದುರ್ಬಲವಾಗಿರುತ್ತದೆ. ಆಹಾರದಲ್ಲಿ ಕ್ಯಾಲ್ಸಿಯಂ ಕೊರತೆಯಿದ್ದರೆ ಹಾನಿ ಇಮ್ಮಡಿಸುತ್ತದೆ, ಬೆಳೆಯುವ ಮಕ್ಕಳ ಕಾಲು ಸೊಟ್ಟಗಾಗುತ್ತದೆ. ಇಂಥ ಹಲವು ರೋಗಿಗಳ ರಕ್ತದಲ್ಲಿ ಕ್ಷಾರೀಯ ಫಾಸ್ಫಟೇಸ್ ಏರಿರುತ್ತದೆ. ಎಲ್ಲರಲ್ಲಿಯೂ ಅಲ್ಲ ಎಂಬುದನ್ನೂ ನೆನಪಿಡಬೇಕು. ಕಿಣ್ವ ಸಹಜ ಪ್ರಮಾಣದಲ್ಲಿದೆ ಎಂಬ ಕಾರಣಕ್ಕೆ ನೀರನ್ನು ನಿರ್ದೋಷಿ ಎನ್ನಲಾಗದು.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದಾಗ 1.5ರವರೆಗೆ ಅನುಮತಿಯಿದೆ. ಅದನ್ನು ಮೀರಿದಂತೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಲೆ. 3ರಿಂದ 6 ಮಿಲಿಗ್ರಾಂ ಇರುವ ನೀರನ್ನು ದೀರ್ಘಕಾಲ ಕುಡಿದವರಲ್ಲಿ ಮೂಳೆಯ ತೊಂದರೆ. 10 ಮೀರಿದಲ್ಲಿ ಅಂಗವೈಕಲ್ಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಥೂಲ ಗಣನೆ. ಸುಟ್ಟ ಗಾಯದಂತೆ ಇದು ಒಂದು ದಿನದಲ್ಲಿ ಕಾಣುವುದಲ್ಲ. ಹತ್ತಾರು ವರ್ಷ ಕುಡಿದ ನೀರು ನಡುವಯಸ್ಸಿನಲ್ಲಿ ಸೊಂಟನೋವಾಗಿ ಹೊರಬರುತ್ತದೆ. ಅದನ್ನು ದುಡಿಮೆಯ ನೋವು, ವಯಸ್ಸಿನ ನೋವು ಎಂದು ತಿಳಿದು ಸುಮ್ಮನಾಗುವವರೇ ಹೆಚ್ಚು.

ಎರಡು ಚೀಟಿಗಳು

ಮೂಳೆನೋವಿಗೆಲ್ಲ ನೀರೇ ಕಾರಣ ಎಂದು ತೀರ್ಮಾನಿಸುವುದೂ ತಪ್ಪಾಗುತ್ತದೆ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ 1970ರ ದಶಕದ ಮಧ್ಯದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಇದಕ್ಕೆ ನಿದರ್ಶನ. ಕೀಲುಗಳನ್ನು ಸವೆಸಿ ದೇಹವನ್ನು ಕುಗ್ಗಿಸುವ ಆ ಕಾಯಿಲೆಗೆ ನಾನಾ ಕಾರಣಗಳನ್ನು ಊಹಿಸಲಾಯಿತಾದರೂ, ಅದು ವಂಶಪಾರಂಪರ್ಯವಾಗಿ ಬರುವಂಥದೆಂದು ಮುಂದಿನ ಅಧ್ಯಯನಗಳು ಕಂಡುಕೊಂಡವು. ಅಂತೆಯೇ ನೀರಾವರಿಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ವಾಸಿಸುವವರ ಕಿಣ್ವ ಏರಿದ್ದರೆ ವೈದ್ಯರು ಪಿತ್ತಕೋಶದ ಕಲ್ಲು, ಡಿ ಜೀವಸತ್ವದ ಕೊರತೆ, ಮುರಿದು ಕೂಡುತ್ತಿರುವ ಮೂಳೆ, ಗರ್ಭಾವಸ್ಥೆ ಎಲ್ಲವನ್ನೂ ಪರಿಗಣಿಸಬೇಕಾಗುತ್ತದೆ. ಗಾಮಾ ಜಿಟಿ ಎಂಬ ಇನ್ನೊಂದು ಕಿಣ್ವವನ್ನೂ ಅಳೆದರೆ ಗೊಂದಲ ಬಹುಪಾಲು ನಿವಾರಣೆಯಾಗುತ್ತದೆ: ಎರಡೂ ಏರಿದ್ದರೆ ಯಕೃತ್ತಿನ ಕಡೆ, ಕ್ಷಾರೀಯ ಫಾಸ್ಫಟೇಸ್ ಮಾತ್ರ ಏರಿದ್ದರೆ ಸಾಮಾನ್ಯವಾಗಿ ಮೂಳೆಯ ಕಡೆ ದೃಷ್ಟಿ ಹರಿಸಬೇಕು.

ಆದರೆ ಜಗಳೂರಿನಂಥ ತಾಲ್ಲೂಕಿನ ರೋಗಿಗೆ ಇನ್ನೂ ಒಂದು ಪ್ರಶ್ನೆ ಅನಿವಾರ್ಯ: ಯಾವ ನೀರು? ರಕ್ತಪರೀಕ್ಷೆಯ ಚೀಟಿ ಆರೋಗ್ಯ ಇಲಾಖೆಯ ಆಸ್ಪತ್ರೆಯಲ್ಲಿ ಹುಟ್ಟುತ್ತದೆ. ನೀರಿನ ಪರೀಕ್ಷೆಯ ಚೀಟಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯದಲ್ಲಿ. ಮೊದಲನೆಯದು ಒಬ್ಬ ವ್ಯಕ್ತಿಯದು, ಎರಡನೆಯದು ಒಂದು ಊರಿನದು. ಎರಡನ್ನೂ ಒಟ್ಟಿಗೆ ಇಟ್ಟು ಓದದ ಹೊರತು ಎರಡೂ ಅಪೂರ್ಣ. 1937ರಲ್ಲಿ ನೆಲ್ಲೂರಿನ ಸಂಶೋಧಕರ ಹಿರಿಮೆ ಇದ್ದುದು ಇಲ್ಲಿಯೇ: ಅವರು ರೋಗಿಯನ್ನೂ ಬಾವಿಯನ್ನೂ ಒಂದೇ ವರದಿಯಲ್ಲಿ ಸೇರಿಸಿದರು. ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರ 2008–09ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದ ತಿರುಳೂ ರೋಗಿಗಳ ಪತ್ತೆ ಮತ್ತು ನೀರಿನ ಪರೀಕ್ಷೆಗಳನ್ನು ಜೋಡಿಸುವುದೇ ಆಗಿದೆ.

ಪರಿಹಾರದ ಮಾರ್ಗಗಳಲ್ಲಿ ಮೂರನ್ನು ಹೆಸರಿಸಬಹುದು. ಮೊದಲನೆಯದು ಶುದ್ಧೀಕರಣ. ಪಟಿಕ ಮತ್ತು ಸುಣ್ಣ ಬಳಸುವ ‘ನಲ್ಗೊಂಡ ವಿಧಾನ’ವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು, ಈಚಿನ ವರ್ಷಗಳಲ್ಲಿ ಹಳ್ಳಿಗಳಲ್ಲಿ ನಾಣ್ಯ ಹಾಕಿ ಬಿಂದಿಗೆ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಘಟಕ ಕೆಟ್ಟು ನಿಂತ ದಿನ ಜನ ಮತ್ತೆ ಹಳೆಯ ಕೊಳವೆ ಬಾವಿಗೇ ಮರಳುವರಾದ್ದರಿಂದ ಅವುಗಳ ನಿರ್ವಹಣೆಯೇ ಮುಖ್ಯ. ಎರಡನೆಯದು ಆಹಾರ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಮೆಕ್ಕೆಜೋಳಗಳಲ್ಲಿ ಇರುವುದು ಇದರ ಒಂದು ಸಣ್ಣ ಅಂಶ ಮಾತ್ರ. ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿಗಳುಳ್ಳ ಊಟ ಫ್ಲೋರೈಡಿನ ಹಾನಿಯನ್ನು ಪೂರ್ತಿ ತಡೆಯಲಾರದಾದರೂ ತಗ್ಗಿಸಬಲ್ಲದು. ಮೂರನೆಯದು, ಎಲ್ಲಕ್ಕಿಂತ ಮೂಲಭೂತವಾದುದು, ನೀರಿನ ಮೂಲವನ್ನೇ ಬದಲಿಸುವುದು. ಜನರ ದೀರ್ಘಕಾಲದ ಒತ್ತಾಯದ ಫಲವಾಗಿ ತುಂಗಭದ್ರೆಯ ನೀರನ್ನು ಏತದ ಮೂಲಕ ಜಗಳೂರು ಭಾಗದ 57 ಕೆರೆಗಳಿಗೆ ತುಂಬಿಸುವ ಯೋಜನೆ ಕೈಗೂಡಿತು. ಹೊನ್ನಾಳಿಯನ್ನು ಹಾದು ಬಂದ ನದಿಯ ನೀರು ಜಗಳೂರಿನ ಕೆರೆಯಂಗಳ ಸೇರುವುದೆಂದರೆ ಜಿಲ್ಲೆಯ ಎರಡು ಸೀಮೆಗಳ ನಡುವಿನ ಅಂತರ ಕಿರಿದಾಗುವುದು ಎಂದೇ ಅರ್ಥ.

ಇಷ್ಟಾದರೂ ಎಚ್ಚರ ಸಲ್ಲದೆಂದಲ್ಲ. ನಾಗಾರ್ಜುನಸಾಗರ ಅಣೆಕಟ್ಟಿನ ಆಸುಪಾಸಿನ ಹಳ್ಳಿಗಳಲ್ಲಿ ಯುವಕರ ಮೊಣಕಾಲುಗಳು ಒಳಬಾಗುವ ಫ್ಲೋರೋಸಿಸ್ ರೂಪವೊಂದನ್ನು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ 1973ರಲ್ಲಿ ವರದಿ ಮಾಡಿದ್ದರು. ಮೇಲುನೀರು ಬಂದ ಮಾತ್ರಕ್ಕೆ ಅಂತರ್ಜಲ ತಾನಾಗಿ ಸಿಹಿಯಾಗಿಬಿಡುವುದಿಲ್ಲ. ಕೆರೆ ತುಂಬಿದ ಮೇಲೂ ಊರಿನ ಕೊಳವೆ ಬಾವಿಗಳನ್ನು ವರ್ಷ ವರ್ಷವೂ ಪರೀಕ್ಷಿಸುತ್ತಿರಬೇಕು. ಈಗಾಗಲೇ ಮೂಳೆಯಲ್ಲಿ ಸೇರಿಕೊಂಡಿರುವ ಫ್ಲೋರೈಡ್ ಹೊರಹೋಗಲು ಹಲವಾರು ವರ್ಷಗಳೇ ಹಿಡಿಯುತ್ತವೆ. ಸೆಟೆದ ಬೆನ್ನು ಮರಳಿ ಬಾಗುವುದು ಕಷ್ಟ. ಆದರೆ ಇಂದು ಹುಟ್ಟುವ ಮಗುವಿನ ಹಲ್ಲು ಬಿಳಿಯಾಗಿಯೇ ಮೂಡಿ, ಬೆನ್ನು ನೆಟ್ಟಗೆ ಬೆಳೆಯುವಂತೆ ಮಾಡುವುದು ಖಂಡಿತ ಸಾಧ್ಯ.

ಉಪಸಂಹಾರ

ಯೀಸ್ಟಿನ ಸಕ್ಕರೆಯನ್ನು ಕುರಿತ ಕುತೂಹಲದಿಂದ ಆರಂಭವಾದ ಒಂದು ಅಧ್ಯಯನ ಮೂಳೆಯ ರಹಸ್ಯವನ್ನು ತೆರೆದು, ಕಾಮಾಲೆಯ ನಿದಾನಕ್ಕೆ ನೆರವಾಗಿ, ಹಾಲಿನ ಶುದ್ಧತೆಯ ಒರೆಗಲ್ಲಾಗಿ, ಬರಡು ಸೀಮೆಯ ಕೊಳವೆ ಬಾವಿಯ ದೋಷವನ್ನು ಸೂಚಿಸುವ ಸಾಕ್ಷಿಯೂ ಆದುದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪದ ಸಂಗತಿಯೇನಲ್ಲ. ಗಮನಿಸಬೇಕಾದುದು, ಪ್ರತಿ ಹಂತದಲ್ಲಿಯೂ ಮುನ್ನಡೆ ಸಾಧ್ಯವಾದದ್ದು ಕಿಣ್ವದ ಪ್ರಮಾಣವನ್ನು ಅಳೆದದ್ದರಿಂದ ಮಾತ್ರವಲ್ಲ, ಆ ಅಳತೆಯನ್ನು ಅದರ ಸುತ್ತಲಿನ ಬದುಕಿನೊಡನೆ ಇಟ್ಟು ನೋಡಿದ್ದರಿಂದ ಎಂಬುದನ್ನು. ಚನ್ನಗಿರಿಯ ತೋಟದಲ್ಲಿ ದುಡಿಯುವವನ ರಕ್ತದಲ್ಲಿಯೂ ಜಗಳೂರಿನ ಹೊಲದಲ್ಲಿ ದುಡಿಯುವವನ ರಕ್ತದಲ್ಲಿಯೂ ಇರುವುದು ಒಂದೇ ಕಿಣ್ವ. ಅದು ನುಡಿಯುವ ಸಾಕ್ಷ್ಯ ಮಾತ್ರ ಊರಿನ ನೀರನ್ನೂ ತಟ್ಟೆಯ ಅನ್ನವನ್ನೂ ಅನುಸರಿಸಿ ಬೇರೆಯಾಗಬಹುದು. ಆ ಸಾಕ್ಷ್ಯವನ್ನು ಕೇಳುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲಿಯೇ ರೂಪುಗೊಂಡಾಗ, ರಾಬಿಸನ್ ಲಂಡನ್ನಿನಲ್ಲಿ ಕಂಡ ಸತ್ಯ ಜಗಳೂರಿನ ಮಕ್ಕಳಿಗೂ ಉಪಯೋಗಕ್ಕೆ ಬಂದಂತಾಗುತ್ತದೆ.